ಅಪ್ಪನ ಮುದ್ದೆ, ಮಗನ ಕುರ್ಚಿ

ಹಂದನಕೆರೆಯ ಕಡೆ ಇಂದಿಗೂ ಹಿರಿಯರು ದಾರಿಯಲ್ಲಿ ಎದುರಾದರೆ ‘ಹಿಟ್ಟು ಉಂಡ್ಯೇನಪ್ಪ?’ ಎಂದು ವಿಚಾರಿಸುವುದುಂಟು. ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ ಸೀಮೆಯಲ್ಲಿ ಹಿಟ್ಟು ಎಂದರೆ ರಾಗಿಮುದ್ದೆ. ಮುದ್ದೆ ಎಂದರೆ ಊಟ. ‘ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ’ ಎಂಬ ಗಾದೆಗೆ ಅರ್ಥ ಬಂದದ್ದು ಇಂತಹ ಬಯಲುಸೀಮೆಯಲ್ಲೇ. ಗಾದೆಯನ್ನು ಸ್ವಲ್ಪ ನಿಧಾನವಾಗಿ ಓದಿ ನೋಡಿ. ಅದರಲ್ಲಿ ಎರಡು ಕೆಲಸಗಳಿವೆ. ಹಿಟ್ಟು ತಿನ್ನುವುದು ಒಂದು, ಬೆಟ್ಟ ಕೀಳುವುದು ಇನ್ನೊಂದು. ಈಚಿನ ಎರಡು ತಲೆಮಾರುಗಳಲ್ಲಿ ನಾವು ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ಕೈಬಿಟ್ಟಿದ್ದೇವೆ.

ತೋಟದ ಮನೆಯ ಮಗ ಓದಿ, ನಾಡಕಚೇರಿಯಲ್ಲೋ ಬ್ಯಾಂಕಿನಲ್ಲೋ ಶಾಲೆಯಲ್ಲೋ ಕೆಲಸ ಹಿಡಿಯುತ್ತಾನೆ. ಇಲ್ಲವೇ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಕಂಪ್ಯೂಟರಿನ ಮುಂದೆ ಕೂರುತ್ತಾನೆ. ಮನೆಯವರಿಗೆ ಅದು ಹೆಮ್ಮೆಯ ಸಂಗತಿ, ಆಗಬೇಕಾದದ್ದೇ. ಬಿಸಿಲಿನಲ್ಲಿ ಬೆನ್ನು ಬಗ್ಗಿಸಿ ದುಡಿದ ಅಪ್ಪ ಬಯಸಿದ್ದೂ ಮಗ ನೆರಳಿನಲ್ಲಿ ಕೂರಲಿ ಎಂದೇ. ಆದರೆ ನಲವತ್ತು ತುಂಬುವ ಹೊತ್ತಿಗೆ ಅದೇ ಮಗನಿಗೆ ಹೊಟ್ಟೆ ಮುಂದೆ ಬಂದಿರುತ್ತದೆ, ರಕ್ತದೊತ್ತಡದ ಮಾತ್ರೆ ಶುರುವಾಗಿರುತ್ತದೆ. ಎಪ್ಪತ್ತರ ಅಪ್ಪ ಇನ್ನೂ ತೋಟ ಸುತ್ತಿ ಬರುತ್ತಿರುತ್ತಾನೆ. ‘ನಮ್ಮ ಕಾಲದ ಊಟವೇ ಬೇರೆ’ ಎಂದು ಮನೆಯಲ್ಲಿ ಮಾತು ಬರುತ್ತದೆ. ಊಟ ಬೇರೆಯಾದದ್ದು ನಿಜ. ಅದಕ್ಕಿಂತ ಹೆಚ್ಚು ಬೇರೆಯಾದದ್ದು ಊಟಕ್ಕೂ ಕೆಲಸಕ್ಕೂ ಇದ್ದ ಲೆಕ್ಕ.

ನಾಲ್ಕು ಮುದ್ದೆಯ ಅಂತರ

ಈ ಲೆಕ್ಕವನ್ನು ಅಂಕಿಗಳಲ್ಲೇ ನೋಡಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಪ್ರಕಟಿಸಿದ ಶಿಫಾರಸಿನ ಪ್ರಕಾರ, 65 ಕಿಲೋ ತೂಕದ ಗಂಡಸು ಕುಳಿತು ಕೆಲಸ ಮಾಡುವವನಾದರೆ ದಿನಕ್ಕೆ ಸುಮಾರು 2110 ಕಿಲೋ ಕ್ಯಾಲೊರಿ ಸಾಕು. ಮೈ ಬಗ್ಗಿಸಿ ಕಠಿಣ ದುಡಿಮೆ ಮಾಡುವವನಿಗೆ 3470 ಬೇಕು. 55 ಕಿಲೋ ತೂಕದ ಹೆಂಗಸಿಗೆ ಈ ಅಂಕಿಗಳು 1660 ಮತ್ತು 2720. ಗಂಡಸಿನ ಲೆಕ್ಕವನ್ನೇ ತೆಗೆದುಕೊಂಡರೆ ಅಂತರ 1360. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 320 ಕಿಲೋ ಕ್ಯಾಲೊರಿ ಇರುತ್ತದೆ. ಅಂದರೆ ಗದ್ದೆ ತೋಟದ ದುಡಿಮೆಗೂ ಕುರ್ಚಿಯ ದುಡಿಮೆಗೂ ನಡುವೆ ದಿನಕ್ಕೆ ನಾನೂರು ಗ್ರಾಂಗಿಂತ ಹೆಚ್ಚು ಹಿಟ್ಟಿನ ಅಂತರವಿದೆ. ಒಂದು ಮುದ್ದೆಗೆ ನೂರು ಗ್ರಾಂ ಹಿಟ್ಟು ಎಂದಿಟ್ಟುಕೊಂಡರೆ ನಾಲ್ಕು ಮುದ್ದೆ!

ಹಿಂದಿನವರ ದುಡಿಮೆ ಎಂತಹುದಿತ್ತು ಎಂಬುದನ್ನೂ ನೆನೆಯಬೇಕು. ಕಪಿಲೆ ಹೊಡೆದು ಬಾವಿಯಿಂದ ನೀರೆತ್ತಬೇಕು. ತೆಂಗಿನ ಬುಡಕ್ಕೆ ಪಾತಿ ಮಾಡಬೇಕು. ಕಾಯಿಯನ್ನು ಹೊತ್ತು ತಂದು ಅಟ್ಟಕ್ಕೇರಿಸಬೇಕು. ಸುಮಾರು ವರ್ಷದ ತನಕ ಅಲ್ಲೇ ಇದ್ದು, ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡ ಮೇಲೆ ಅದನ್ನು ಇಳಿಸಿ, ಸುಲಿದು, ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯಬೇಕು. ತಿಪಟೂರಿನ ಮಾರುಕಟ್ಟೆಗೆ ಹೆಸರು ತಂದ ಕೊಬ್ಬರಿಯ ಹಿಂದೆ ಇಷ್ಟೂ ಮೈಕೆಲಸವಿದೆ. ಹೆಂಗಸರ ಪಾಲಿಗೆ ರಾಗಿ ಬೀಸುವುದು, ನೀರು ಹೊರುವುದು ಬೇರೆ. ಮೂರು ಹೊತ್ತಿನ ಮುದ್ದೆ ಅಲ್ಲಿ ಕರಗಿಹೋಗುತ್ತಿತ್ತು. ಪಂಪುಸೆಟ್ಟು, ಹಿಟ್ಟಿನ ಗಿರಣಿ, ಮೋಟಾರು ಬೈಕು ಬಂದ ಮೇಲೆ ಹಳ್ಳಿಯವರ ಲೆಕ್ಕವೂ ಬದಲಾಗಿದೆ. ಕಚೇರಿಯವರ ಲೆಕ್ಕವಂತೂ ತಲೆಕೆಳಗಾಗಿದೆ.

ಇದರ ಫಲ ಕಣ್ಣೆದುರಿಗಿದೆ. ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದ ಸಮೀಕ್ಷೆಯೊಂದರ ವರದಿ 2023ರಲ್ಲಿ ಪ್ರಕಟವಾಯಿತು. ಅದರಂತೆ ಭಾರತದಲ್ಲಿ ಮಧುಮೇಹ ಇರುವವರು ಸುಮಾರು 10 ಕೋಟಿ. ಪಟ್ಟಣದ ವಯಸ್ಕರಲ್ಲಿ ನೂರಕ್ಕೆ 16ರಷ್ಟು, ಹಳ್ಳಿಗಳಲ್ಲಿ ನೂರಕ್ಕೆ 9ರಷ್ಟು ಮಂದಿಗೆ ಈ ಕಾಯಿಲೆ ಇದೆ. ಹಳ್ಳಿ ಸುರಕ್ಷಿತ ಎಂದು ಇದರಿಂದ ಸಮಾಧಾನಪಡುವಂತಿಲ್ಲ. ಕಾಯಿಲೆಯ ಹೊಸ್ತಿಲಲ್ಲಿ ನಿಂತಿರುವವರ ಪ್ರಮಾಣ ಹಳ್ಳಿ, ಪಟ್ಟಣ ಎರಡರಲ್ಲೂ ಹೆಚ್ಚುಕಡಿಮೆ ಒಂದೇ: ನೂರಕ್ಕೆ 15.

ಕಚೇರಿ ಎಂಬ ಹೊಸ ಊರು

ಕುಳಿತು ಬರೆಯುವ ಉದ್ಯೋಗ ನಮ್ಮಲ್ಲಿ ಹೊಸದೇನಲ್ಲ. ಹಳೆಯ ಮೈಸೂರು ಸೀಮೆಯ ಪ್ರತಿ ಹಳ್ಳಿಯಲ್ಲೂ ಶಾನುಭೋಗರಿದ್ದರು. ಕಡತ ಬಿಚ್ಚಿ, ಚಾಪೆಯ ಮೇಲೆ ಕುಳಿತು ಲೆಕ್ಕ ಬರೆಯುವುದು ಅವರ ಕಾಯಕ. ಆದರೆ ಪೈರು ಕಂಡು ಬರೆಯಲು, ಎಲ್ಲೆ ಗುರುತು ನೋಡಲು, ಜಮಾಬಂದಿಗೆ ಹೋಗಲು ಅವರು ಹೊಲದಿಂದ ಹೊಲಕ್ಕೆ, ಊರಿಂದ ಊರಿಗೆ ನಡೆಯಲೇಬೇಕಿತ್ತು. ಕೂರುವಾಗಲೂ ನೆಲದ ಮೇಲೆ. ಏಳುವುದು ಕೂರುವುದೇ ಮಂಡಿಗೆ ಒಂದು ವ್ಯಾಯಾಮ. 1961ರ ಕಾಯ್ದೆಯಿಂದ ಮೈಸೂರು ರಾಜ್ಯದಲ್ಲಿ ವಂಶಪಾರಂಪರ್ಯದ ಗ್ರಾಮ ಹುದ್ದೆಗಳು ರದ್ದಾದವು. ಅವರ ಜಾಗಕ್ಕೆ ಸರಕಾರ ನೇಮಿಸಿದ ನೌಕರರು ಬಂದರು. ಕಾಲಕ್ರಮದಲ್ಲಿ ಕಡತದ ಜಾಗಕ್ಕೆ ಕಂಪ್ಯೂಟರು ಬಂತು.

ಗಂಟೆ ಹೊಡೆದಾಗ ಬಂದು ಗಂಟೆ ಹೊಡೆದಾಗ ಹೋಗುವ ದೊಡ್ಡ ಕಚೇರಿ ನಮಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಕಮಿಷನರುಗಳ ಆಳ್ವಿಕೆಯ ಕಾಲಕ್ಕೆ. ಹದಿನೆಂಟು ಇಲಾಖೆಗಳಿದ್ದುದರಿಂದ ಬೆಂಗಳೂರಿನ ಕೆಂಪು ಕಟ್ಟಡಕ್ಕೆ ಅಠಾರ ಕಚೇರಿ ಎಂದೇ ಹೆಸರಾಯಿತು. 1868ರಲ್ಲಿ ಇಲಾಖೆಗಳು ಅಲ್ಲಿಗೆ ಬಂದವು. ಈಗ ಅಲ್ಲಿ ಹೈಕೋರ್ಟು ಇದೆ. ಕಚೇರಿಯ ವೇಳೆ ಊಟದ ವೇಳೆಯನ್ನೂ ಬದಲಿಸಿತು. ಹೊಲದವನಿಗೆ ಬೆಳಿಗ್ಗೆ ತಂಗಳು ಮುದ್ದೆ ಮಜ್ಜಿಗೆ ಅಥವಾ ಅಂಬಲಿ, ಮಧ್ಯಾಹ್ನ ಹೊಲಕ್ಕೇ ಬರುವ ಬುತ್ತಿ, ಹೊತ್ತು ಮುಳುಗಿದ ಮೇಲೆ ಬಿಸಿ ಊಟ, ಬೇಗ ನಿದ್ದೆ. ಕಚೇರಿಯವನಿಗೆ ಅವಸರದ ತಿಂಡಿ, ಹನ್ನೊಂದಕ್ಕೆ ಟೀ, ಮಧ್ಯಾಹ್ನ ತಣ್ಣಗಾದ ಡಬ್ಬಿ, ನಾಲ್ಕಕ್ಕೆ ಬೋಂಡ ಮತ್ತು ಟೀ, ರಾತ್ರಿ ಒಂಬತ್ತೂವರೆಗೆ ದಿನದ ಅತಿ ದೊಡ್ಡ ಊಟ, ಕೂಡಲೇ ಹಾಸಿಗೆ.

ಇಂತಹ ಉದ್ಯೋಗದ ಕಷ್ಟ ನಷ್ಟಗಳನ್ನು ವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದರು. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜೀನಿ 1700ರಲ್ಲಿ ಕಸುಬುದಾರರ ಕಾಯಿಲೆಗಳ ಬಗ್ಗೆ ಒಂದು ಗ್ರಂಥ ಬರೆದ. ಸದಾ ಕುಳಿತಿರುವುದು, ಕೈಯನ್ನು ಒಂದೇ ಬಗೆಯಲ್ಲಿ ಆಡಿಸುತ್ತಿರುವುದು, ತಪ್ಪಾಗದಿರಲೆಂದು ಮನಸ್ಸನ್ನು ಬಿಗಿಹಿಡಿದಿರುವುದು — ಈ ಮೂರು ಬರವಣಿಗೆಯವರನ್ನು ಕಾಡುತ್ತವೆ ಎಂಬುದು ಅವನ ತೀರ್ಮಾನ. ಮುನ್ನೂರು ವರ್ಷಗಳ ನಂತರವೂ ಇದರಲ್ಲಿ ತಿದ್ದುವಂತಹುದು ಏನೂ ಇಲ್ಲ.

1953ರಲ್ಲಿ ಲಂಡನ್ನಿನ ಜೆರೆಮಿ ಮಾರಿಸ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಎರಡಂತಸ್ತಿನ ಬಸ್ಸುಗಳ ಡ್ರೈವರುಗಳನ್ನೂ ಕಂಡಕ್ಟರುಗಳನ್ನೂ ಹೋಲಿಸಿದಾಗ, ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಿಗಿಂತ ಕುಳಿತೇ ಇರುವ ಡ್ರೈವರುಗಳಲ್ಲಿ ಹೃದ್ರೋಗ ಹೆಚ್ಚಾಗಿತ್ತು. ಅಂಚೆ ಇಲಾಖೆಯಲ್ಲೂ ಹಾಗೆಯೇ: ಕಾಗದ ಹಂಚಲು ತಿರುಗಾಡುವ ಪೋಸ್ಟ್‌ಮನ್ನರಿಗಿಂತ ಮೇಜಿನ ಮುಂದೆ ಕೂರುವ ಗುಮಾಸ್ತರಿಗೆ ಅಪಾಯ ಹೆಚ್ಚು.

ನಮಗೆ ಇನ್ನೂ ಹತ್ತಿರದ ನಿದರ್ಶನ ಬಂಗಾಳದ್ದು. ಕಲ್ಕತ್ತೆಯ ಬಳಿಯ ಸೆಣಬಿನ ಗಿರಣಿಯೊಂದರ ನೌಕರರನ್ನು ಅಭ್ಯಸಿಸಿ ಜಾನ್ ಮೇಯರ್ ಎಂಬ ಪೌಷ್ಟಿಕ ವಿಜ್ಞಾನಿ ಹಾಗೂ ಭಾರತೀಯ ಸಹೋದ್ಯೋಗಿಗಳು 1956ರಲ್ಲಿ ವರದಿ ಪ್ರಕಟಿಸಿದರು. ಹೆಚ್ಚು ಮೈಕೆಲಸ ಮಾಡುವವರು ಹೆಚ್ಚು ಉಣ್ಣುತ್ತಿದ್ದರು, ಅದು ಸಹಜ. ಸೋಜಿಗದ ಸಂಗತಿಯೆಂದರೆ, ತೀರಾ ಕಡಿಮೆ ಮೈಕೆಲಸದವರ ಊಟ ಕಡಿಮೆಯಾಗಿರಲಿಲ್ಲ. ಕೂಲಿಕಾರರಷ್ಟೇ ಅವರೂ ಉಣ್ಣುತ್ತಿದ್ದರು, ತೂಕವೂ ಹೆಚ್ಚಿತ್ತು. ಮಿತವಾಗಿ ದುಡಿಯುವ ದೇಹಕ್ಕೆ ತನ್ನ ಹಸಿವಿನ ಅಳತೆ ಗೊತ್ತಿರುತ್ತದೆ; ಅಲುಗಾಡದೆ ಕುಳಿತ ದೇಹದಲ್ಲಿ ಆ ಅಳತೆ ಕೆಡುತ್ತದೆ ಎಂದು ಅವರು ವಿವರಿಸಿದರು. ಕೆಲಸವಿಲ್ಲದಿದ್ದರೂ ಹಸಿವಾಗುತ್ತದಲ್ಲ ಎಂಬ ನಮ್ಮ ಅನುಭವಕ್ಕೆ ಇದು ಒಂದು ಉತ್ತರ.

ರಾಗಿಯ ಗುಣ, ರಾಗಿಯ ಮಿತಿ

ಹಾಗಾದರೆ ಕಚೇರಿಯವರು ಮುದ್ದೆ ಬಿಡಬೇಕೆ? ಬೇಡ. ಬಿಡಬೇಕಾದದ್ದು ಅದರ ಗಾತ್ರವನ್ನು, ಅದನ್ನಲ್ಲ.

ಪೂರ್ವ ಆಫ್ರಿಕಾದಲ್ಲಿ ಹುಟ್ಟಿ ಸಾವಿರಾರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದು ನೆಲೆಸಿದ ರಾಗಿ ನಮ್ಮ ಮಳೆಯಾಧಾರಿತ ಹೊಲಗಳಿಗೆ ಒಗ್ಗಿಕೊಂಡಿತು. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಯಾರು ಹೆಚ್ಚೆಂದು ವಾದ ಬೀಳುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ನೋಡುತ್ತಾನೆ. ಕೆಡದೆ ಉಳಿದ ರಾಗಿಗೆ ಗೆಲುವಾಗುತ್ತದೆ. ಹಗೇವಿನಲ್ಲಿ ವರ್ಷಗಟ್ಟಲೆ ರಾಗಿ ಉಳಿಸಿಕೊಂಡು ಬರಗಾಲ ದಾಟಿದ ಜನಕ್ಕೆ ಆ ತೀರ್ಪಿನ ಬೆಲೆ ತಿಳಿದಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ರೂಪಿಸಿದರು. ಇಳುವರಿ ಹೆಚ್ಚಿತು, ಅವರಿಗೆ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾಯಿತು.

ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದು 10ರ ಆಸುಪಾಸು. ನಾರಿನ ಅಂಶ ರಾಗಿಯಲ್ಲಿ ಸುಮಾರು 11 ಗ್ರಾಂ, ಬಿಳಿ ಅಕ್ಕಿಯಲ್ಲಿ 3 ಗ್ರಾಂ. ಮೂಳೆಗೂ ಕರುಳಿಗೂ ರಾಗಿ ಉಪಕಾರಿ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ‘ಮುದ್ದೆ ತಿಂದರೆ ಸಕ್ಕರೆ ಕಾಯಿಲೆ ಬಾರದು’ ಎಂಬ ನಂಬಿಕೆಗೆ ಆಧಾರವಿಲ್ಲ. ರಾಗಿಯಲ್ಲೂ ಮೂರನೇ ಎರಡು ಪಾಲು ಪಿಷ್ಟವೇ. ನುಣ್ಣಗೆ ಬೀಸಿ, ಚೆನ್ನಾಗಿ ಬೇಯಿಸಿದ ಹಿಟ್ಟು ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಏರಿಸಬಲ್ಲದು. ಸಕ್ಕರೆ ಹಾಕಿದ ರಾಗಿ ಮಾಲ್ಟನ್ನು ಆರೋಗ್ಯದ ಹೆಸರಿನಲ್ಲಿ ಕುಡಿಯುವವರು ಇದನ್ನು ಗಮನಿಸಬೇಕು. ಮುದ್ದೆಯ ವೇಗ ತಗ್ಗಿಸುವುದು ಅದರ ಜೊತೆಗಿರುವ ಸಾರು: ಹುರುಳಿಕಾಳು, ಹೆಸರುಕಾಳು, ಅವರೆ, ಅಲಸಂದೆ, ಸೊಪ್ಪು.

ಹಿಂದಿನ ಊಟದ ಗುಟ್ಟು ಇರುವುದು ಇಲ್ಲಿ. ಬಸ್ಸಾರಿನಲ್ಲಿ ಕಾಳು ಸೊಪ್ಪು ಎರಡೂ ಇರುತ್ತವೆ. ಬಸಿದ ಕಟ್ಟು ಸಾರಾದರೆ ಉಳಿದದ್ದು ಪಲ್ಯ. ಉಪ್ಪೆಸರು, ಮಸ್ಸೊಪ್ಪು, ಹುರುಳಿ ಸಾರು ಎಲ್ಲವೂ ಇದೇ ಕುಲದವು. ಮಳೆಗಾಲದಲ್ಲಿ ಹೊಲದ ಬದುವಿನಿಂದ ಅಣ್ಣೆ, ಹೊನಗೊನೆ, ಗಣಿಕೆ, ಕನ್ನೆ ಸೊಪ್ಪುಗಳನ್ನು ಆಯ್ದು ತಂದು ಬೆರಕೆ ಸೊಪ್ಪಿನ ಸಾರು ಮಾಡುತ್ತಿದ್ದರು. ಕಚೇರಿಯ ಡಬ್ಬಿಗೆ ಇವೆಲ್ಲ ಒಗ್ಗಲಿಲ್ಲ. ಸಾರು ಚೆಲ್ಲುತ್ತದೆ, ಮುದ್ದೆ ಗಟ್ಟಿಯಾಗುತ್ತದೆ, ಸೊಪ್ಪು ಬಿಡಿಸಲು ಬೆಳಿಗ್ಗೆ ಸಮಯವಿಲ್ಲ. ಚಿತ್ರಾನ್ನ, ಪುಳಿಯೋಗರೆ, ಮೊಸರನ್ನ ಡಬ್ಬಿ ಸೇರಿದವು. ಹೀಗೆ ನಮ್ಮ ಊಟದಿಂದ ಕಳಚಿಹೋದದ್ದು ರಾಗಿಗಿಂತ ಮೊದಲು ಕಾಳು ಮತ್ತು ಸೊಪ್ಪು.

ತೆಂಗಿನ ನಾಡಿನ ತೊಡಕು

ತೆಂಗಿನ ಸೀಮೆಯಲ್ಲಿ ಕುಳಿತು ತೆಂಗಿನಕಾಯಿ ಕಡಿಮೆ ಮಾಡಿ ಎಂದರೆ ಯಾರೂ ಮೆಚ್ಚರು. ಆದರೂ ಲೆಕ್ಕ ಹೇಳಬೇಕು. ಕೊಬ್ಬರಿಯಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ಪಾಲು ಕೊಬ್ಬು, ಅದರಲ್ಲೂ ಬಹುಪಾಲು ಪರ್ಯಾಪ್ತ ಕೊಬ್ಬು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ, 2000 ಕಿಲೋ ಕ್ಯಾಲೊರಿಯ ಊಟದಲ್ಲಿ ಅಡುಗೆಯ ಎಣ್ಣೆ, ತುಪ್ಪ ಸೇರಿ 27 ಗ್ರಾಂ ಮೀರಬಾರದು. ಮಾತಾಡುತ್ತಾ ಬೆಲ್ಲದ ಜೊತೆ ಮೆಲ್ಲುವ ಐವತ್ತು ಗ್ರಾಂ ಕೊಬ್ಬರಿಯಲ್ಲೇ 30 ಗ್ರಾಂ ಕೊಬ್ಬಿರುತ್ತದೆ. ತೋಟದಲ್ಲಿ ಗುದ್ದಲಿ ಹಿಡಿದವನಿಗೆ ಅದು ಬುತ್ತಿ. ಕುರ್ಚಿಯವನಿಗೆ ಅದು ಇನ್ನೊಂದು ಊಟ.

ಹಸಿ ತೆಂಗಿನ ತುರಿಯನ್ನು ಒಂದು ಹಿಡಿ ಪಲ್ಯಕ್ಕೆ ಹಾಕುವುದರಲ್ಲಿ ತಪ್ಪಿಲ್ಲ. ಅದರಲ್ಲಿ ನಾರೂ ಇದೆ, ರುಚಿಯೂ ಇದೆ. ಆದರೆ ಬೆಳಗಿನ ಚಟ್ನಿ, ಮಧ್ಯಾಹ್ನದ ಸಾರು, ಸಂಜೆಯ ಒಬ್ಬಟ್ಟು ಮೂರರಲ್ಲೂ ಧಾರಾಳವಾಗಿ ಇದ್ದರೆ ಕರಿದ ತಿಂಡಿಗೆ ಜಾಗವಿರದು. ಎಳನೀರಿನ ಮಾತು ಬೇರೆ. ಅದರಲ್ಲಿ ಕೊಬ್ಬಿಲ್ಲ, ಸಕ್ಕರೆ ಅಲ್ಪ, ಪೊಟ್ಯಾಸಿಯಂ ಹೇರಳ. ಬಾಟಲಿಯ ತಂಪು ಪಾನೀಯ ಕುಡಿಯುವ ಕಚೇರಿಯವರು ತಮ್ಮೂರಿನ ಎಳನೀರು ಬಿಟ್ಟದ್ದೇಕೆ ಎಂದು ಕೇಳಿಕೊಳ್ಳಬೇಕು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿ ಕುಡಿಯುವುದು ಲೇಸು.

ಡಬ್ಬಿಯಲ್ಲಿ ಏನಿರಬೇಕು?

ಅದೇ ಮಾರ್ಗಸೂಚಿ ದಿನವೊಂದಕ್ಕೆ ಹೇಳುವ ಅಳತೆ ಹೀಗಿದೆ: ಧಾನ್ಯ 250 ಗ್ರಾಂ, ಬೇಳೆಕಾಳು ಅಥವಾ ಮೊಟ್ಟೆ ಮಾಂಸ 85 ಗ್ರಾಂ, ತರಕಾರಿ ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಮೊಸರು 300 ಮಿಲಿಲೀಟರ್, ಬೀಜಗಳು 35 ಗ್ರಾಂ. ಧಾನ್ಯದ 250 ಗ್ರಾಂ ಇಡೀ ದಿನಕ್ಕೆ, ಒಂದು ಹೊತ್ತಿಗಲ್ಲ ಎಂಬುದನ್ನು ಮರೆಯಬಾರದು. ತಟ್ಟೆಯ ಅರ್ಧ ಭಾಗ ತರಕಾರಿ ಮತ್ತು ಹಣ್ಣು ಎಂದು ಸುಲಭವಾಗಿ ನೆನಪಿಡಬಹುದು. ನಮ್ಮ ತಟ್ಟೆಗಳಲ್ಲಿ ಈಗ ಅರ್ಧಕ್ಕಿಂತ ಹೆಚ್ಚು ಅನ್ನವೇ.

ಇದನ್ನು ಕಚೇರಿಗೆ ಒಗ್ಗಿಸುವುದು ಅಸಾಧ್ಯವೇನಲ್ಲ. ಮುದ್ದೆ ಡಬ್ಬಿಗೆ ಬಾರದಿದ್ದರೆ ಸೊಪ್ಪು ಈರುಳ್ಳಿ ಕಲಸಿದ ರಾಗಿರೊಟ್ಟಿ ಬರುತ್ತದೆ. ಮೊಳಕೆ ಕಟ್ಟಿದ ಹೆಸರುಕಾಳಿನ ಉಸಲಿ, ಬೇಯಿಸಿದ ಅಲಸಂದೆ, ಒಂದು ಸೌತೆಕಾಯಿ, ಸೀಸೆಯಲ್ಲಿ ಮಜ್ಜಿಗೆ. ಸಂಜೆ ನಾಲ್ಕರ ಹಸಿವಿಗೆ ಬೋಂಡದ ಬದಲು ಹುರಿಗಡಲೆ, ಒಂದು ಹಿಡಿ ಕಡಲೆಕಾಯಿ, ಸೀಬೆಹಣ್ಣು. ರಾಗಿಯನ್ನು ಅರಳಿಸಿ ಬೀಸಿದ ಹುರಿಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿದರೆ ಐದು ನಿಮಿಷದ ತಿಂಡಿಯಾಗುತ್ತದೆ. ದಾರಿಗೆಂದೇ ಹಿಂದಿನವರು ಕಂಡುಕೊಂಡ ಆಹಾರ ಅದು.

ಟೀ ಬಗ್ಗೆ ಎರಡು ಮಾತು. ಒಂದು ಲೋಟಕ್ಕೆ ಎರಡು ಚಮಚ ಸಕ್ಕರೆಯೆಂದರೆ ಸುಮಾರು 10 ಗ್ರಾಂ. ದಿನಕ್ಕೆ ನಾಲ್ಕು ಲೋಟಕ್ಕೆ 40 ಗ್ರಾಂ. 25 ಗ್ರಾಂ ಒಳಗಿರಲಿ ಎಂಬುದು ತಜ್ಞರ ಸಲಹೆ. ಜೊತೆಗೆ ಊಟವಾದ ಕೂಡಲೇ ಟೀ ಕುಡಿದರೆ ಅದರಲ್ಲಿರುವ ಟ್ಯಾನಿನ್, ಸೊಪ್ಪು ಕಾಳಿನ ಕಬ್ಬಿಣದ ಅಂಶವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ. ಊಟಕ್ಕೆ ನಿಂಬೆಹಣ್ಣು ಹಿಂಡಿಕೊಂಡರೆ ಅದಕ್ಕೆ ವಿರುದ್ಧವಾದ ಉಪಕಾರ.

ಕಬ್ಬಿಣದ ಮಾತು ಬಂದಾಗ ಕಚೇರಿಯ ಹೆಂಗಸರನ್ನು ನೆನೆಯದೆ ಇರಲಾಗದು. ಬೆಳಿಗ್ಗೆ ಐದಕ್ಕೆ ಎದ್ದು ನಾಲ್ಕು ಡಬ್ಬಿ ಕಟ್ಟುವಾಕೆ ತನ್ನ ತಿಂಡಿಯನ್ನು ಬಸ್ಸಿನ ಅವಸರಕ್ಕೆ ಬಲಿಗೊಡುತ್ತಾಳೆ. ಶೌಚಾಲಯ ಸರಿಯಿಲ್ಲದ ಕಚೇರಿಗಳಲ್ಲಿ ದಿನವಿಡೀ ನೀರು ಕುಡಿಯದೆ ಇರುತ್ತಾಳೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರ ಪೈಕಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡುಬಂತು. ಆಕೆಗೆ ಪೌಷ್ಟಿಕ ಆಹಾರದ ಉಪದೇಶಕ್ಕಿಂತ ಮೊದಲು ಬೇಕಾದದ್ದು ಅಡುಗೆಮನೆಯಲ್ಲಿ ಇನ್ನೊಂದು ಜೊತೆ ಕೈ, ಕಚೇರಿಯಲ್ಲಿ ಒಂದು ಚೊಕ್ಕ ಶೌಚಾಲಯ.

ಎದ್ದು ನಿಲ್ಲುವ ಮದ್ದು

ಊಟ ತಿದ್ದಿಕೊಂಡರೆ ಅರ್ಧ ಕೆಲಸವಾಯಿತು. ಉಳಿದರ್ಧ ಕುರ್ಚಿಯದು. 2012ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಒಂದು ಸರಳ ಪ್ರಯೋಗ ಮಾಡಿದರು. ತೂಕ ಹೆಚ್ಚಿರುವ ವಯಸ್ಕರಿಗೆ ಸಕ್ಕರೆ ಪಾನೀಯ ಕೊಟ್ಟು ಒಂದು ದಿನ ಸುಮ್ಮನೆ ಕೂರಿಸಿದರು. ಇನ್ನೊಂದು ದಿನ ಇಪ್ಪತ್ತು ನಿಮಿಷಕ್ಕೊಮ್ಮೆ ಎಬ್ಬಿಸಿ ಎರಡು ನಿಮಿಷ ನಡೆಸಿದರು. ನಡೆದ ದಿನ ರಕ್ತದ ಸಕ್ಕರೆ ಗಮನಾರ್ಹವಾಗಿ ಕಡಿಮೆ ಏರಿತು. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಡತ ತರಲು ತಾವೇ ಏಳುವುದು, ಫೋನು ಬಂದಾಗ ನಿಂತು ಮಾತಾಡುವುದು, ಊಟದ ನಂತರ ಹತ್ತು ನಿಮಿಷ ಅಡ್ಡಾಡುವುದು — ಇವಕ್ಕೆ ಯಾರ ಮಂಜೂರಾತಿಯೂ ಬೇಡ.

ಹಾಗೆಂದು ಎಲ್ಲವನ್ನೂ ನೌಕರನ ತಲೆಗೇ ಕಟ್ಟುವುದು ನ್ಯಾಯವಲ್ಲ. 1948ರ ಕಾರ್ಖಾನೆ ಕಾಯ್ದೆ 250ಕ್ಕಿಂತ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಗಳಲ್ಲಿ ಕ್ಯಾಂಟೀನಿಗೆ ಅವಕಾಶ ಕಲ್ಪಿಸಿತ್ತು. ಹೋಬಳಿಯ ಐದಾರು ಮಂದಿಯ ಕಚೇರಿಗೆ ಅಂತಹ ಆಸರೆ ಯಾವತ್ತೂ ಇರಲಿಲ್ಲ. ಎದುರಿನ ಟೀ ಅಂಗಡಿಯೇ ಅದರ ಕ್ಯಾಂಟೀನು. 2025ರ ಜೂನ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ, ಎಣ್ಣೆ ಮತ್ತು ಸಕ್ಕರೆಯ ಪ್ರಮಾಣ ತಿಳಿಸುವ ಫಲಕಗಳನ್ನು ಸರಕಾರಿ ಕಚೇರಿಗಳಲ್ಲಿ ಹಾಕಲು ಸಲಹೆ ನೀಡಿತು. ಫಲಕ ಒಳ್ಳೆಯದೇ. ಆದರೆ ಫಲಕದ ಕೆಳಗೆ ಕೂತು ಉಣ್ಣಲು ಒಂದು ಬೆಂಚು, ಕೈ ತೊಳೆಯಲು ನೀರು, ಡಬ್ಬಿ ಬಿಸಿ ಮಾಡಲು ಒಂದು ಒಲೆ, ನಿರಾತಂಕವಾಗಿ ಉಣ್ಣಲು ಅರ್ಧ ಗಂಟೆ ಇಲ್ಲದಿದ್ದರೆ ಅದು ಗೋಡೆಯ ಅಲಂಕಾರವಾಗಿ ಉಳಿಯುತ್ತದೆ.

ಹೊಲದಲ್ಲಿ ಬುತ್ತಿ ಬಿಚ್ಚುವಾಗ ಯಾರೂ ಒಬ್ಬರೇ ಉಣ್ಣುತ್ತಿರಲಿಲ್ಲ. ಮರದ ನೆರಳಿನಲ್ಲಿ ಸುತ್ತ ಕುಳಿತು, ಒಬ್ಬರ ಪಲ್ಯ ಇನ್ನೊಬ್ಬರ ಮುದ್ದೆಗೆ ಸೇರಿ, ನಾಲ್ಕು ಮಾತಾಗಿ ಊಟ ಮುಗಿಯುತ್ತಿತ್ತು. ಕಂಪ್ಯೂಟರಿನ ಪರದೆ ನೋಡುತ್ತಾ ಗಬಗಬನೆ ನುಂಗುವ ಇಂದಿನ ಊಟದಲ್ಲಿ ಎಷ್ಟು ಉಂಡೆವೆಂಬುದೂ ತಿಳಿಯುವುದಿಲ್ಲ, ಏನು ಉಂಡೆವೆಂಬುದೂ ನೆನಪಿರುವುದಿಲ್ಲ. ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂದರು ಹಿರಿಯರು. ಅವರು ಹೇಳಿದ್ದು ಊಟ ಬಲ್ಲವನಿಗೆ, ಊಟ ಬಿಟ್ಟವನಿಗಲ್ಲ. ಬಲ್ಲವನೆಂದರೆ ತನ್ನ ದುಡಿಮೆಯ ಅಳತೆ ತಿಳಿದು ಉಣ್ಣುವವನು. ಇನ್ನೊಂದು ಸಲ ಹಂದನಕೆರೆಯ ಹಿರಿಯರು ‘ಹಿಟ್ಟು ಉಂಡ್ಯೇನಪ್ಪ’ ಎಂದು ಕೇಳಿದರೆ, ‘ಉಂಡೆ, ಅರ್ಧ ಮುದ್ದೆ, ಎರಡು ಸೌಟು ಸೊಪ್ಪು’ ಎಂದು ಹೇಳಿ, ಅವರ ಜೊತೆ ತೋಟದವರೆಗೆ ನಡೆದು ಬರಬಹುದು.